ಲಿವರ್ ಕಸಿಯಾದ ಹದಿನೈದು ತಿಂಗಳಿಗೆ ಎಎಫ್‌ಪಿ ಏರಿದೆ, ಅಪ್ಪನ ಕ್ಯಾನ್ಸರ್ ಮರಳಿತೇ?

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನವರು. ತಂದೆಗೆ 57 ವರ್ಷ, ಕಬ್ಬು ಬೆಳೆಯುವ ರೈತರು. ಹೆಪಟೈಟಿಸ್ ಬಿ ಸೋಂಕಿನಿಂದ ಲಿವರ್ ಗಟ್ಟಿಯಾಗುವ ಸಿರೋಸಿಸ್ ಆಗಿ, ಲಿವರಿನಲ್ಲಿ 2.9 ಮತ್ತು 1.8 ಸೆಂಟಿಮೀಟರಿನ ಎರಡು ಕ್ಯಾನ್ಸರ್ ಗಡ್ಡೆಗಳು ಕಂಡವು. ಆಗ ರಕ್ತದಲ್ಲಿ ಈ ಕ್ಯಾನ್ಸರಿನ ಸುಳಿವು ಕೊಡುವ ಎಎಫ್‌ಪಿ 640 ಇತ್ತು. ಗಡ್ಡೆಯ ರಕ್ತನಾಳಕ್ಕೆ ಔಷಧಿ ಬಿಟ್ಟು ನಾಳ ಮುಚ್ಚುವ ಚಿಕಿತ್ಸೆ ಎರಡು ಸಲ ಆದ ಮೇಲೆ 62ಕ್ಕೆ ಇಳಿಯಿತು. ಹದಿನೈದು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಕಸಿ ಆಯಿತು. ಲಿವರಿನ ಭಾಗ ಕೊಟ್ಟವರು ನಮ್ಮ ಕಾಕಾ. ಆಮೇಲೆ ಎಎಫ್‌ಪಿ ಮೂರನೆಯ ತಿಂಗಳಿಗೆ 4.0, ಆರನೆಯ ತಿಂಗಳಿಗೆ 4.3, ವರ್ಷಕ್ಕೆ 5.8 ಇತ್ತು. ಕಳೆದ ವಾರ ಬೆಂಗಳೂರಿಗೆ ಹೋಗಲಾಗದೆ ಬಾಗಲಕೋಟೆಯಲ್ಲಿ ಮಾಡಿಸಿದೆವು, 11.6 ಬಂದಿದೆ. ಲಿವರ್ ಪರೀಕ್ಷೆಯ ಎಸ್‌ಜಿಪಿಟಿ 78. ನನ್ನ ತಮ್ಮ ಒಂದು ವಿಡಿಯೋ ನೋಡಿ, ಎರಡು ಬಗೆಯ ಬಿಳಿ ರಕ್ತಕಣಗಳ (ನ್ಯೂಟ್ರೋಫಿಲ್–ಲಿಂಫೋಸೈಟ್) ಅನುಪಾತ 5 ದಾಟಿದರೆ ಅಪಾಯವಂತೆ, ಅಪ್ಪನದು 6.5 ಇದೆ ಎಂದು ಅಳುತ್ತಿದ್ದಾನೆ. ಪೆಟ್ ಸ್ಕ್ಯಾನ್ ಮಾಡಿಸಬೇಕೇ? ಕ್ಯಾನ್ಸರ್ ರಕ್ತಕ್ಕೇ ಸೇರಿದೆಯೇ? ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಿಂದಲೇ ಹೀಗಾಯಿತು, ನಿಲ್ಲಿಸಿ ಎನ್ನುತ್ತಾರೆ ಕೆಲವರು. ಚಿಗವ್ವ ಎರಡು ತಿಂಗಳಿಂದ ಅಮೃತಬಳ್ಳಿ ಕಷಾಯ ಮಾಡಿಕೊಡುತ್ತಿದ್ದಾರೆ. ನಡುವೆ ಹೆಪಟೈಟಿಸ್ ಬಿ ಮಾತ್ರೆ ಊರಿನಲ್ಲಿ ಸಿಗದೆ ಮೂರು ವಾರ ತಪ್ಪಿತ್ತು. ಕಾಕಾ ಮಾತ್ರ ‘ನನ್ನ ಲಿವರೇ ಸರಿ ಇರಲಿಲ್ಲವೇನೋ’ ಎಂದು ಕೊರಗುತ್ತಿದ್ದಾರೆ. ಅಪ್ಪ ಇನ್ನೆಷ್ಟು ವರ್ಷ ಇರುತ್ತಾರೆ ಎಂಬುದನ್ನು ಈ ರಕ್ತಪರೀಕ್ಷೆಗಳು ಹೇಳುತ್ತವೆಯೇ?

ಉತ್ತರ: ಪತ್ರದ ಜೊತೆ ನೀವು ಕಳಿಸಿದ ನೋಟ್‌ಬುಕ್ಕಿನ ಹಾಳೆಯ ಚಿತ್ರವನ್ನು ಎರಡು ಸಲ ನೋಡಿದೆ. ಪ್ರತಿ ಪರೀಕ್ಷೆಯ ದಿನಾಂಕ, ಲ್ಯಾಬಿನ ಊರು, ಅಂಕಿ, ಕೊನೆಯ ಅಂಕಿಯ ಸುತ್ತ ಕೆಂಪು ಪೆನ್ನಿನ ಸುತ್ತು. ಬೆಳಗಾವಿಯಲ್ಲಿ ನನ್ನ ಬಳಿ ಬರುವ ಲಿವರ್ ರೋಗಿಗಳ ಮನೆಯವರಲ್ಲಿ ಇಷ್ಟು ಅಚ್ಚುಕಟ್ಟಾಗಿ ಬರೆದಿಡುವವರು ವಿರಳ. ಈ ಹಾಳೆ ಇದ್ದುದರಿಂದಲೇ ನಿಮಗೆ ಖಚಿತವಾಗಿ ಕೆಲವು ಮಾತು ಹೇಳಲು ಸಾಧ್ಯವಾಗಿದೆ.

ಮೊದಲು ಆ ಕೆಂಪು ಸುತ್ತಿನ ವಿಷಯ. ನಿಮ್ಮ ಬೆಂಗಳೂರಿನ ವರದಿಗಳಲ್ಲಿ ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ‘ಐಯು’ ಎಂದಿದೆ, ಅಂದರೆ ಇಂಟರ್‌ನ್ಯಾಷನಲ್ ಯೂನಿಟ್. ಬಾಗಲಕೋಟೆಯ ವರದಿಯಲ್ಲಿರುವುದು ನ್ಯಾನೋಗ್ರಾಂ. ಎಎಫ್‌ಪಿಯ ಒಂದು ಐಯು ಸುಮಾರು 1.21 ನ್ಯಾನೋಗ್ರಾಂಗೆ ಸಮ. ಹಾಗಾಗಿ ನಿಮ್ಮ 4.0, 4.3, 5.8 ಎಂಬುವು ನಿಜವಾಗಿ 4.8, 5.2, 7.0 ನ್ಯಾನೋಗ್ರಾಂ. ಅದರ ಮುಂದೆ 11.6 ಇಟ್ಟು ನೋಡಿ. ಮೂರು ಪಟ್ಟಿನಂತೆ ಕಂಡದ್ದು ಎರಡೂವರೆ ಪಟ್ಟಿಗಿಂತ ಕಡಿಮೆಯಾಯಿತು. ಯಂತ್ರವೂ ರಾಸಾಯನಿಕವೂ ಬೇರೆಯಾದಾಗ ಅದೇ ರಕ್ತಕ್ಕೆ ಬೇರೆ ಅಂಕಿ ಬರುವುದುಂಟು, ಅದನ್ನೂ ಸ್ವಲ್ಪ ಕಳೆಯಬೇಕು.

ಇಷ್ಟಕ್ಕೆ ನಿಶ್ಚಿಂತರಾಗಿ ಎಂದು ಹೇಳಿದರೆ ನಾನು ನಿಮಗೆ ಅನ್ಯಾಯ ಮಾಡಿದಂತೆ. ಯೂನಿಟ್ಟಿನ ಗೊಂದಲ ಕಳೆದ ಮೇಲೂ ಅಂಕಿ ಮೆಲ್ಲಗೆ ಮೇಲೇರುತ್ತಿದೆ. ಬಹಳಷ್ಟು ಲ್ಯಾಬುಗಳು 10 ನ್ಯಾನೋಗ್ರಾಂ ಒಳಗಿನದನ್ನು ಸಹಜ ಎನ್ನುತ್ತವೆ. ತಂದೆಯವರದು ಆ ಗೆರೆಯನ್ನು ಈಗಷ್ಟೇ ದಾಟಿದೆ. ಗಾಬರಿಯಾಗುವಂಥ ಅಂಕಿಯಲ್ಲ. ಆದರೆ ಮೂರು ತಿಂಗಳು ಬಿಟ್ಟು ನೋಡೋಣ ಎಂದು ಕೂರುವಂಥದ್ದೂ ಅಲ್ಲ.

ಎಎಫ್‌ಪಿ ಎಂದರೆ ಆಲ್ಫಾ ಫೀಟೋಪ್ರೋಟೀನ್. ಗರ್ಭದಲ್ಲಿರುವ ಶಿಶುವಿನ ಲಿವರ್ ಇದನ್ನು ಧಾರಾಳವಾಗಿ ತಯಾರಿಸುತ್ತದೆ. ಹುಟ್ಟಿದ ಮೇಲೆ ಆ ಕೆಲಸ ನಿಂತು, ದೊಡ್ಡವರ ರಕ್ತದಲ್ಲಿ ಲವಲೇಶ ಮಾತ್ರ ಉಳಿಯುತ್ತದೆ. ಲಿವರಿನ ಕಣ ಕ್ಯಾನ್ಸರಿಗೆ ತಿರುಗಿದಾಗ ಎಷ್ಟೋ ಸಲ ಈ ಹಳೆಯ ಕೆಲಸವನ್ನು ಮತ್ತೆ ಶುರು ಮಾಡುತ್ತದೆ. 1960ರ ದಶಕದಲ್ಲಿ ರಷ್ಯಾದ ವಿಜ್ಞಾನಿಗಳಾದ ಅಬೆಲೆವ್ ಮತ್ತು ತತಾರಿನೋವ್ ಇದನ್ನು ಗುರುತಿಸಿದರು. ಇಂದಿಗೂ ನಾವು ಹೆಚ್ಚಾಗಿ ನಂಬಿರುವ ಪರೀಕ್ಷೆ ಇದೇ. ಲಿವರಿಗೆ ಉರಿಯೂತವಾಗಿ ಕಣಗಳು ಸತ್ತು ಹೊಸ ಕಣಗಳು ಹುಟ್ಟುವಾಗಲೂ ಎಎಫ್‌ಪಿ ಏರುತ್ತದೆ. ವೃಷಣ, ಅಂಡಾಶಯಗಳ ಕೆಲವು ಗಡ್ಡೆಗಳಲ್ಲೂ, ಗರ್ಭಿಣಿಯರಲ್ಲೂ ಏರುತ್ತದೆ. ಇನ್ನೊಂದು ಕಡೆ, ಲಿವರ್ ಕ್ಯಾನ್ಸರ್ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇದು ಏರುವುದೇ ಇಲ್ಲ. ನಿಮ್ಮ ತಂದೆಯವರ ಗಡ್ಡೆ ಎಎಫ್‌ಪಿ ತಯಾರಿಸುವ ಜಾತಿಯದು, 640 ಇದ್ದದ್ದೇ ಅದಕ್ಕೆ ಸಾಕ್ಷಿ. ಹಾಗಾಗಿ ಅವರ ಮಟ್ಟಿಗೆ ಈ ಪರೀಕ್ಷೆ ಒಳ್ಳೆಯ ಕಾವಲುಗಾರ.

‘ಕ್ಯಾನ್ಸರ್ ರಕ್ತಕ್ಕೆ ಸೇರಿದೆ’ ಎಂಬ ಮಾತು ನಮ್ಮ ಕಡೆ ಬಹಳ ಮನೆಗಳಲ್ಲಿ ಕೇಳಿಬರುತ್ತದೆ. ರಕ್ತದಲ್ಲಿ ಸಿಕ್ಕಿದ್ದು ಒಂದು ಪ್ರೋಟೀನ್, ಅಷ್ಟೆ. ಅದು ರಕ್ತದ ಕ್ಯಾನ್ಸರ್ ಅಲ್ಲ. ಸಾಮಾನು ಹೊತ್ತುಕೊಂಡು ಹೋದಂತೆ ರಕ್ತ ಆ ಪ್ರೋಟೀನನ್ನು ಒಯ್ಯುತ್ತದೆ, ಎಲ್ಲಿ ತಯಾರಾಯಿತು ಎಂಬ ವಿಳಾಸ ಅದರಲ್ಲಿ ಇರುವುದಿಲ್ಲ.

ಹಾಗಾದರೆ ಈ ಏರಿಕೆ ಎಲ್ಲಿಂದ? ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಹೆಚ್ಚು ಹೊತ್ತು ನಿಂತದ್ದು ಎಎಫ್‌ಪಿಯ ಮೇಲಲ್ಲ, ಎಸ್‌ಜಿಪಿಟಿಯ ಮೇಲೆ. ವರ್ಷ ತುಂಬಿದಾಗ 29 ಇದ್ದದ್ದು ಈಗ 78. ಲಿವರಿನ ಕಣಗಳಿಗೆ ಪೆಟ್ಟಾಗುತ್ತಿದೆ ಎಂದು ಅದು ಹೇಳುತ್ತದೆ. ಕ್ಯಾನ್ಸರ್ ಮರಳುವ ಮೊದಲ ದಿನಗಳಲ್ಲಿ ಎಸ್‌ಜಿಪಿಟಿ ಹೀಗೆ ಏರಲೇಬೇಕೆಂದಿಲ್ಲ. ಪೆಟ್ಟಿಗೆ ಬೇರೆ ಕಾರಣಗಳಿವೆ, ಅವುಗಳಲ್ಲಿ ಎರಡನ್ನು ನೀವೇ ಬರೆದಿದ್ದೀರಿ.

ಒಂದು, ತಪ್ಪಿದ ಹೆಪಟೈಟಿಸ್ ಬಿ ಮಾತ್ರೆ. ಹಳೆಯ ಲಿವರ್ ತೆಗೆದರೂ ಈ ವೈರಸ್ ಮೈಯಿಂದ ಪೂರ್ತಿ ಹೋಗುವುದಿಲ್ಲ. ಎಂಟೆಕಾವಿರ್ ಅಥವಾ ಟೆನೋಫೋವಿರ್ ಅದನ್ನು ಅದುಮಿ ಹಿಡಿದಿರುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸಿರುವ ಮೈಯಲ್ಲಿ ಆ ಮಾತ್ರೆ ಮೂರು ವಾರ ತಪ್ಪಿದರೆ ವೈರಸ್ಸಿಗೆ ಬಾಗಿಲು ತೆರೆದಂತೆ. ಹೊಸ ಲಿವರಿಗೂ ಹೆಪಟೈಟಿಸ್ ತಗುಲಬಹುದು. ಆಗ ಎಸ್‌ಜಿಪಿಟಿ ಏರುತ್ತದೆ, ಬೆನ್ನಿಗೆ ಎಎಫ್‌ಪಿಯೂ ಏರುತ್ತದೆ. ಆದ್ದರಿಂದ ಹೆಪಟೈಟಿಸ್ ಬಿ ಸರ್ಫೇಸ್ ಆ್ಯಂಟಿಜೆನ್ ಮತ್ತು ವೈರಸ್ಸಿನ ಡಿಎನ್‌ಎ ಪ್ರಮಾಣ, ಈ ಎರಡು ಪರೀಕ್ಷೆಗಳು ಈ ವಾರವೇ ಆಗಬೇಕು. ತಂದೆಯವರದು ಎಂಟೆಕಾವಿರ್ ಆಗಿದ್ದರೆ ಊಟವಾಗಿ ಎರಡು ಗಂಟೆಯ ನಂತರ ತೆಗೆದುಕೊಂಡು, ಮುಂದಿನ ಎರಡು ಗಂಟೆ ಏನೂ ತಿನ್ನಬಾರದು. ಮುಧೋಳದ ಅಂಗಡಿಯಲ್ಲಿ ಮತ್ತೆ ಸಿಗದಿದ್ದರೆ ಎಂದು ಕನಿಷ್ಠ ಒಂದು ತಿಂಗಳ ಮಾತ್ರೆ ಮನೆಯಲ್ಲಿ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ಇದೇ ಸಂದರ್ಭದಲ್ಲಿ ಇನ್ನೊಂದು ಮಾತು: ನೀವು, ನಿಮ್ಮ ತಮ್ಮ, ತಾಯಿ, ತಂದೆಯವರ ಒಡಹುಟ್ಟಿದವರು ಎಲ್ಲರೂ ಒಮ್ಮೆ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿಕೊಂಡಿದ್ದೀರಾ? ಸೋಂಕು ಇಲ್ಲದವರಿಗೆ ಮೂರು ಚುಚ್ಚುಮದ್ದಿನ ಲಸಿಕೆ ಇದೆ. ಇದ್ದವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಬೇಕಾಗಬಹುದು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಈ ವೈರಸ್ ಇದ್ದು, ಒಬ್ಬರ ಗಡ್ಡೆ ಕಂಡ ಮೇಲಷ್ಟೇ ಉಳಿದವರಿಗೆ ಗೊತ್ತಾಗುವುದನ್ನು ನಾನು ಕಂಡಿದ್ದೇನೆ.

ಎರಡು, ಕಷಾಯ. ಚಿಗವ್ವನವರ ಅಕ್ಕರೆಯ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ. ಅವರು ನಸುಕಿನಲ್ಲಿ ಎದ್ದು ಬಳ್ಳಿ ಜಜ್ಜಿ ಕುದಿಸಿ ಕೊಡುತ್ತಿರುವುದು ಅಣ್ಣನಂತಿರುವ ಭಾವ ಉಳಿಯಲಿ ಎಂದು. ಆದರೆ ಅಮೃತಬಳ್ಳಿಯನ್ನು ಜನ ಕುಡಿಯುವುದೇ ರೋಗನಿರೋಧಕ ಶಕ್ತಿ ಕೆರಳಲಿ ಎಂದು. ತಂದೆಯವರು ದಿನಕ್ಕೆರಡು ಸಲ ಟ್ಯಾಕ್ರೋಲಿಮಸ್ ನುಂಗುತ್ತಿರುವುದು ಅದೇ ಶಕ್ತಿ ತಗ್ಗಿರಲಿ, ಕಾಕಾನ ಲಿವರನ್ನು ಮೈ ಪರಕೀಯವೆಂದು ತಳ್ಳದಿರಲಿ ಎಂದು. ಒಂದು ಕೈ ಕಟ್ಟಿದ್ದನ್ನು ಇನ್ನೊಂದು ಕೈ ಬಿಚ್ಚಿದಂತಾಗುತ್ತದೆ. ಕೋವಿಡ್ ಕಾಲದಲ್ಲಿ ನಮ್ಮ ದೇಶದಲ್ಲೇ ಅಮೃತಬಳ್ಳಿ ಕುಡಿದು ಲಿವರಿಗೆ ಉರಿಯೂತವಾದ ರೋಗಿಗಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. ಅವರಲ್ಲಿ ಕಸಿಯಾಗದವರೂ ಇದ್ದರು. ಇವತ್ತೇ ನಿಲ್ಲಿಸಿ. ಬೆಂಗಳೂರಿನ ವೈದ್ಯರಿಗೆ ಇದನ್ನು ಮುಚ್ಚಿಡಬೇಡಿ. ಬೈಯುತ್ತಾರೆಂದು ಮುಚ್ಚಿಟ್ಟರೆ ಅವರು ಕಾರಣ ಹುಡುಕುತ್ತ ಬೇಡದ ಬಯಾಪ್ಸಿಯವರೆಗೆ ಹೋಗಬೇಕಾದೀತು. ಚಿಗವ್ವನವರಿಗೆ ಹೇಳುವಾಗ ‘ನಿಮ್ಮಿಂದಲೇ ಆಯಿತು’ ಎನ್ನಬೇಡಿ, ಅದು ಇನ್ನೂ ಸಾಬೀತಾಗಿಲ್ಲ. ಹಸಿ ತರಕಾರಿ ಕುದಿಸಿ, ಕಾಯಿಸಿದ ಹಾಲು, ಮೆತ್ತನೆಯ ಜೋಳದ ರೊಟ್ಟಿ, ಬೇಯಿಸಿದ ಕಾಳಿನ ಪಲ್ಯ ಮಾಡಿಕೊಡಲು ಅವರನ್ನೇ ಕೇಳಿ. ಅಕ್ಕರೆಗೆ ಅಲ್ಲಿ ಜಾಗವಿದೆ. ಶೇಂಗಾ ಹಿಂಡಿ ಮಾಡುವುದಾದರೆ ಕಾಳು ಆರಿಸಿ ಮಾಡಲಿ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ, ಲಿವರ್ ಕ್ಯಾನ್ಸರಿಗೆ ಅದೂ ಒಂದು ಕಾರಣ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಚಕ್ಕೋತ ಹಣ್ಣು ಮಾತ್ರ ಬೇಡ, ಟ್ಯಾಕ್ರೋಲಿಮಸ್ಸಿನ ಮಟ್ಟ ಏರಿಸಿಬಿಡುತ್ತದೆ.

ಮೂರನೆಯ ಕಾರಣ, ಮೈ ಹೊಸ ಲಿವರನ್ನು ನಿರಾಕರಿಸಲು ಶುರು ಮಾಡಿರುವುದು. ಅದಕ್ಕೆ ಟ್ಯಾಕ್ರೋಲಿಮಸ್ ಮಟ್ಟ ನೋಡಬೇಕು. ಇಲ್ಲಿ ನಮ್ಮ ಕಡೆಯವರು ಪದೇ ಪದೇ ಮಾಡುವ ತಪ್ಪೊಂದಿದೆ. ಬೆಳಿಗ್ಗೆ ಮಾತ್ರೆ ನುಂಗಿ, ಬಸ್ ಹತ್ತಿ, ಬಾಗಲಕೋಟೆಗೆ ಬಂದು ರಕ್ತ ಕೊಡುತ್ತಾರೆ. ಆಗ ಅಂಕಿ ಸುಳ್ಳುಸುಳ್ಳೇ ಹೆಚ್ಚು ಬರುತ್ತದೆ. ವೈದ್ಯರು ಅದನ್ನು ನಂಬಿ ಮಾತ್ರೆ ಕಡಿಮೆ ಮಾಡಿದರೆ ನಿಜವಾದ ಮಟ್ಟ ಕುಸಿಯುತ್ತದೆ. ಹಿಂದಿನ ರಾತ್ರಿಯ ಮಾತ್ರೆಗೆ ಹನ್ನೆರಡು ಗಂಟೆ ತುಂಬಿದ ಮೇಲೆ, ಬೆಳಗಿನ ಮಾತ್ರೆಗೆ ಮೊದಲು ರಕ್ತ ಕೊಡಬೇಕು. ಬೆಳಗಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದು, ಸೂಜಿ ತೆಗೆದ ಕೂಡಲೇ ನುಂಗಿದರೆ ಸರಿ.

‘ಆ ಮಾತ್ರೆಯನ್ನೇ ನಿಲ್ಲಿಸಿ’ ಎನ್ನುವವರ ಮಾತಿನಲ್ಲಿ ಒಂದೆಳೆ ಸತ್ಯವಿದೆ, ಅದಕ್ಕೇ ಅದು ಅಪಾಯಕಾರಿ. ರೋಗನಿರೋಧಕ ಶಕ್ತಿ ಅಗತ್ಯಕ್ಕಿಂತ ಹೆಚ್ಚು ತಗ್ಗಿದರೆ ಉಳಿದ ಕ್ಯಾನ್ಸರ್ ಕಣಗಳಿಗೆ ಅನುಕೂಲ ಎಂಬುದು ನಿಜ. ಆ ಕಾರಣಕ್ಕೆ ನಾವು ಕ್ಯಾನ್ಸರಿಗಾಗಿ ಕಸಿಯಾದವರಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಸಾಧ್ಯವಾದಷ್ಟು ಕೆಳಗೆ ಇಡುತ್ತೇವೆ, ಕೆಲವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಬೇರೆ ಮಾತ್ರೆಗಳಾದ ಎವೆರೋಲಿಮಸ್ ಅಥವಾ ಸಿರೋಲಿಮಸ್ ಸೇರಿಸುತ್ತೇವೆ. ಸಿರೋಲಿಮಸ್ ಬಗ್ಗೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2016ರಲ್ಲಿ ಬಂದಾಗ, ಮೊದಲ ಕೆಲವು ವರ್ಷ ಲಾಭ ಕಂಡರೂ ದೀರ್ಘಾವಧಿಯಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ಬಾಯಿಹುಣ್ಣು, ಕೊಲೆಸ್ಟ್ರಾಲ್ ಏರಿಕೆ, ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ಇವುಗಳ ತೊಂದರೆಯೂ ಇದೆ. ಬದಲಾವಣೆ ಬೇಕೇ ಎಂದು ಕಸಿ ಮಾಡಿದ ವೈದ್ಯರನ್ನು ಕೇಳಬಹುದು, ಕೇಳಲೇಬೇಕು. ಮನೆಯಲ್ಲಿ ನೀವಾಗಿ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಲಿವರ್ ಕಳೆದುಕೊಳ್ಳುವ ಸಾಧ್ಯತೆ ಇದೆ.

ಇನ್ನು ತಮ್ಮನ ಲೆಕ್ಕ. ನ್ಯೂಟ್ರೋಫಿಲ್ 78, ಲಿಂಫೋಸೈಟ್ 12, ಭಾಗಿಸಿದರೆ 6.5. ಲೆಕ್ಕ ಸರಿ, ಬಳಕೆ ತಪ್ಪು. ಈ ಅನುಪಾತ 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಸಿಯ ನಂತರ ಕ್ಯಾನ್ಸರ್ ಮರುಕಳಿಸುವ ಸಂಭವ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿದ್ದು ನಿಜ. ಅವು ನೋಡಿದ್ದು ಕಸಿಗೆ ಮೊದಲಿನ ರಕ್ತವನ್ನು. ಕಸಿಯಾದ ಮೇಲೆ ನಾವು ಕೊಡುವ ಔಷಧಿಗಳೇ ಲಿಂಫೋಸೈಟುಗಳನ್ನು ತಗ್ಗಿಸುತ್ತವೆ, ಸ್ಟೀರಾಯ್ಡ್ ನ್ಯೂಟ್ರೋಫಿಲ್ ಏರಿಸುತ್ತದೆ. ಒಂದು ನೆಗಡಿ, ಒಂದು ಹಲ್ಲಿನ ಕೀವು ಸಾಕು ಈ ಅನುಪಾತ ದುಪ್ಪಟ್ಟಾಗಲು. ಈಗಿನ 6.5ರಿಂದ ತಂದೆಯವರ ಆಯುಷ್ಯ ಅಳೆಯಲು ಬರುವುದಿಲ್ಲ. ತಮ್ಮನಿಗೆ ಈ ಭಾಗವನ್ನು ಓದಿ ಹೇಳಿ.

ಪಿವ್ಕಾ ಎಂಬ ಮತ್ತೊಂದು ಪರೀಕ್ಷೆಯ ಹೆಸರು ನಿಮ್ಮ ಹಾಳೆಯ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಇದೆ. ಕೆ ವಿಟಮಿನ್ ಸಾಲದಾದಾಗ ಅಥವಾ ಕ್ಯಾನ್ಸರ್ ಕಣಗಳಿದ್ದಾಗ ಹುಟ್ಟುವ, ಅರೆಬೆಂದ ಪ್ರೋತ್ರಾಂಬಿನ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್) ಅದು. ಎಎಫ್‌ಪಿ ಅನುಮಾನಕ್ಕೆ ಎಡೆಯಾದಾಗ ಜೊತೆಗೆ ಅದನ್ನೂ ಮಾಡಿಸುವುದು ಒಳ್ಳೆಯದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ, ಕಾಮಾಲೆ ಇರುವವರಲ್ಲಿ ಅದು ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ ಎಂಬುದು ನೆನಪಿರಲಿ.

ಈಗ ನೀವು ಕೇಳಲು ಹಿಂಜರಿದು ಕೊನೆಯಲ್ಲಿ ಕೇಳಿದ ಪ್ರಶ್ನೆ: ಎಷ್ಟು ವರ್ಷ? ಇದಕ್ಕೆ ಇವತ್ತಿನ ರಕ್ತಕ್ಕಿಂತ ಹೆಚ್ಚು ತೂಕದ ಕಾಗದ ನಿಮ್ಮ ಕಡತದಲ್ಲೇ ಇದೆ. ಕಸಿಯ ದಿನ ತೆಗೆದ ಹಳೆಯ ಲಿವರನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ ಬರೆದ ವರದಿ ಅದು. ಬಹಳ ಮನೆಯವರು ಅದನ್ನು ತೆಗೆದು ಓದುವುದೇ ಇಲ್ಲ, ಲಿವರ್ ಹೋಯಿತಲ್ಲ, ಅದರ ಮಾತು ಏಕೆ ಎಂದುಕೊಳ್ಳುತ್ತಾರೆ. ನೀವು ಕಳಿಸಿದ ಪ್ರತಿಯಲ್ಲಿ ಸಣ್ಣ ಗಡ್ಡೆ ಪೂರ್ತಿ ಸತ್ತಿದೆ, ದೊಡ್ಡದರಲ್ಲಿ 2 ಸೆಂಟಿಮೀಟರ್ ಮಾತ್ರ ಜೀವ ಉಳಿದಿತ್ತು, ಸೂಕ್ಷ್ಮ ರಕ್ತನಾಳಗಳಲ್ಲಿ ಕ್ಯಾನ್ಸರ್ ಕಣಗಳಿರಲಿಲ್ಲ ಎಂದಿದೆ. ಈ ಕೊನೆಯ ಸಾಲು ಓದಿದಾಗ ನನಗೆ ನಿಜವಾಗಿ ಸಮಾಧಾನವಾಯಿತು.

ಹಿನ್ನೆಲೆ ಹೇಳುತ್ತೇನೆ. ಒಂದೇ ಗಡ್ಡೆಯಾದರೆ 5 ಸೆಂಟಿಮೀಟರಿನೊಳಗೆ, ಹೆಚ್ಚಿದ್ದರೆ ಮೂರರವರೆಗೆ, ಪ್ರತಿಯೊಂದೂ 3 ಸೆಂಟಿಮೀಟರಿನೊಳಗೆ ಇದ್ದವರಿಗೆ ಕಸಿ ಮಾಡಿದರೆ ಒಳ್ಳೆಯ ಫಲಿತಾಂಶ ಎಂದು 1996ರಲ್ಲಿ ಇಟಲಿಯ ಮಿಲಾನ್ ನಗರದ ವೈದ್ಯರು 48 ರೋಗಿಗಳನ್ನು ಆಧರಿಸಿ ತೋರಿಸಿದರು. ನಾಲ್ಕು ವರ್ಷದ ನಂತರ ಅವರಲ್ಲಿ 75 ಶೇಕಡ ಮಂದಿ ಬದುಕಿದ್ದರು. ಆ ಅಳತೆಯೊಳಗೇ ನಿಮ್ಮ ತಂದೆಯವರು ಇದ್ದರು. ಬರಬರುತ್ತ ಅಳತೆಪಟ್ಟಿ ಮಾತ್ರ ಸಾಲದು, ಗಡ್ಡೆಯ ಸ್ವಭಾವವನ್ನೂ ನೋಡಬೇಕು ಎಂದು ಗೊತ್ತಾಯಿತು. 2012ರಲ್ಲಿ ಫ್ರಾನ್ಸಿನವರು ಎಎಫ್‌ಪಿಯನ್ನು ಗಾತ್ರ, ಸಂಖ್ಯೆಗಳ ಜೊತೆ ಸೇರಿಸಿದರು. 2017ರಲ್ಲಿ ಅಮೆರಿಕದಿಂದ ‘ರಿಟ್ರೀಟ್’ ಎಂಬ ಅಂಕಪಟ್ಟಿ ಬಂತು. ಕಸಿಯ ಹೊತ್ತಿನ ಎಎಫ್‌ಪಿ, ಸೂಕ್ಷ್ಮ ರಕ್ತನಾಳಗಳ ಸ್ಥಿತಿ, ಜೀವಂತ ಗಡ್ಡೆಯ ಗಾತ್ರ ಮತ್ತು ಸಂಖ್ಯೆ ಇಷ್ಟನ್ನು ಕೂಡಿಸಿ ಅಂಕ ಕೊಡುತ್ತದೆ. ಸೊನ್ನೆ ಬಂದವರಲ್ಲಿ ಐದು ವರ್ಷದೊಳಗೆ ಕ್ಯಾನ್ಸರ್ ಮರಳಿದ್ದು ನೂರಕ್ಕೆ ಮೂವರಿಗಿಂತ ಕಡಿಮೆ ಮಂದಿಗೆ. 5 ಮತ್ತು ಮೇಲೆ ಬಂದವರಲ್ಲಿ ಸುಮಾರು ಎಪ್ಪತ್ತೈದು ಮಂದಿಗೆ. ತಂದೆಯವರ 62 ಐಯು ಎಂದರೆ 75 ನ್ಯಾನೋಗ್ರಾಂ, ಅದಕ್ಕೆ ಒಂದು ಅಂಕ. ಉಳಿದ ಗಡ್ಡೆಗೆ ಒಂದು. ರಕ್ತನಾಳಕ್ಕೆ ಸೊನ್ನೆ. ಒಟ್ಟು ಎರಡು. ಕೆಳಗಿನ ತುದಿಗೆ ಹತ್ತಿರ. 640 ಇದ್ದದ್ದು ಚಿಕಿತ್ಸೆಗೆ ಬಗ್ಗಿ ಇಳಿಯಿತು ಎಂಬುದೂ ಒಳ್ಳೆಯ ಲಕ್ಷಣವೇ.

ಆದರೂ ಅಂಕಗಳು ನೂರಾರು ಜನರ ಸರಾಸರಿ. ನಿಮ್ಮ ತಂದೆಯವರಿಗೆ ಇಷ್ಟೇ ವರ್ಷ ಎಂದು ಬರೆದುಕೊಡಲು ಯಾವ ರಕ್ತಪರೀಕ್ಷೆಗೂ ಆಗದು. ಮರುಕಳಿಸುವುದಾದರೆ ಹೆಚ್ಚಿನವರಲ್ಲಿ ಮೊದಲ ಎರಡು ಮೂರು ವರ್ಷಗಳಲ್ಲೇ ಮರುಕಳಿಸುತ್ತದೆ. ಅವರು ಹದಿನೈದು ತಿಂಗಳು ದಾಟಿದ್ದಾರೆ, ಇನ್ನೂ ಆ ಅವಧಿಯೊಳಗೇ ಇದ್ದಾರೆ. ಅದಕ್ಕೇ ಈ 11.6 ಅನ್ನು ಹಗುರವಾಗಿ ಬಿಡುವುದು ಬೇಡ ಎಂದದ್ದು.

ಮುಂದಿನ ದಾರಿ ಹೀಗೆ. ಈಗ ಲಿವರ್ ಪರೀಕ್ಷೆಗಳು, ವೈರಸ್ ಡಿಎನ್‌ಎ, ಟ್ಯಾಕ್ರೋಲಿಮಸ್ ಮಟ್ಟ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್. ಎಎಫ್‌ಪಿಯನ್ನು ಮೂರು ನಾಲ್ಕು ವಾರದ ನಂತರ ಮತ್ತೆ, ಹಳೆಯ ಬೆಂಗಳೂರಿನ ಲ್ಯಾಬಿನಲ್ಲೇ. ಇದರ ಜೊತೆಗೆ ಎದೆ ಮತ್ತು ಹೊಟ್ಟೆಯ ಮೂರು ಹಂತದ ಸಿಟಿ ಸ್ಕ್ಯಾನ್. ಅದಕ್ಕಾಗಿ ಎಎಫ್‌ಪಿ ಮರುಪರೀಕ್ಷೆಯವರೆಗೆ ಕಾಯುವ ಅಗತ್ಯವಿಲ್ಲ. ಎದೆ ಏಕೆ ಎಂದರೆ ಈ ಕ್ಯಾನ್ಸರ್ ಮರಳುವಾಗ ಶ್ವಾಸಕೋಶದಲ್ಲೂ ಮೂಳೆಯಲ್ಲೂ ಕಾಣಿಸಿಕೊಳ್ಳುವುದು ಸಾಮಾನ್ಯ. ಮಾತ್ರೆಗಳಿಂದ ಮೂತ್ರಪಿಂಡ ಸೊರಗಿದ್ದರೆ ಸಿಟಿಯ ಬಣ್ಣದ ಔಷಧಿ ತೊಂದರೆ ಕೊಡಬಹುದು, ಕ್ರಿಯಾಟಿನಿನ್ ನೋಡದೆ ಹೋಗಬೇಡಿ. ಪೆಟ್ ಸ್ಕ್ಯಾನಿಗೆ ಮೊದಲೇ ಓಡುವುದು ಬೇಡ. ಲಿವರಿನ ಕ್ಯಾನ್ಸರ್ ಕಣಗಳಲ್ಲಿ ಬಹಳಷ್ಟು ಆ ಸ್ಕ್ಯಾನಿಗಾಗಿ ಚುಚ್ಚುವ ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಇದ್ದರೂ ಹೊಳೆಯುವುದಿಲ್ಲ. ಏನೂ ಇಲ್ಲ ಎಂದು ಬಂದ ಪೆಟ್ ವರದಿ ಹಿಡಿದು ಸುಮ್ಮನಾಗುವ ಅಪಾಯವಿದೆ.

ಸಿಟಿ ಸ್ವಚ್ಛವಾಗಿದ್ದು, ಕಷಾಯ ನಿಂತು, ವೈರಸ್ ಹತೋಟಿಗೆ ಬಂದು, ಎಸ್‌ಜಿಪಿಟಿ ಇಳಿದರೆ ಎಎಫ್‌ಪಿಯೂ ಜೊತೆಗೆ ಇಳಿಯಬೇಕು. ರಕ್ತದಲ್ಲಿ ಅದು ಐದರಿಂದ ಏಳು ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗುವ ಪ್ರೋಟೀನ್. ಎಸ್‌ಜಿಪಿಟಿ ಇಳಿದರೂ ಎಎಫ್‌ಪಿ ಏರುತ್ತಲೇ ಹೋದರೆ, ಸಿಟಿಯಲ್ಲಿ ಏನೂ ಕಾಣದಿದ್ದರೂ ಬಿಡಬಾರದು. ಎಂಆರ್‌ಐ, ಮೂಳೆಯ ಸ್ಕ್ಯಾನ್, ಆಗ ಬೇಕಾದರೆ ಪೆಟ್, ಹೀಗೆ ಹುಡುಕುತ್ತಲೇ ಇರಬೇಕು.

ಒಂದು ವೇಳೆ ಮರಳಿದ್ದರೆ? ದಾರಿ ಮುಚ್ಚಿತು ಎಂದರ್ಥವಲ್ಲ. ಶ್ವಾಸಕೋಶದಲ್ಲಿ ಒಂದೆರಡು ಗಂಟು ಮಾತ್ರ ಇದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು, ನಿಖರ ವಿಕಿರಣದಿಂದ ಸುಡಬಹುದು. ಹಾಗೆ ತೆಗೆಯಲು ಬಂದವರು ಉಳಿದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಹರಡಿದ್ದರೆ ಸೊರಾಫೆನಿಬ್, ಲೆನ್ವಾಟಿನಿಬ್ ಮಾತ್ರೆಗಳಿವೆ. ಅವು ರೋಗವನ್ನು ತಡೆಹಿಡಿಯುತ್ತವೆ, ಗುಣಪಡಿಸುವುದು ಕಷ್ಟ. ಅಂಗೈ ಅಂಗಾಲು ಸುಲಿಯುವುದು, ಭೇದಿ, ರಕ್ತದೊತ್ತಡ ಜೊತೆಗೆ ಬರುತ್ತವೆ. ಇಮ್ಯುನೋಥೆರಪಿಯ ಜಾಹೀರಾತು ನೋಡಿ ಯಾರಾದರೂ ಸಲಹೆ ಕೊಟ್ಟರೆ ಎಚ್ಚರ. ಅದು ರೋಗನಿರೋಧಕ ಶಕ್ತಿಯ ಕಡಿವಾಣ ಬಿಚ್ಚುವ ಔಷಧಿ, ಕಸಿಯಾದ ಲಿವರನ್ನೇ ಅದು ನುಂಗಿದ ಉದಾಹರಣೆಗಳು ಸಾಕಷ್ಟಿವೆ. ಕಸಿ ತಂಡದ ಒಪ್ಪಿಗೆಯಿಲ್ಲದೆ ಒಂದು ಡೋಸೂ ಬೇಡ.

ಕಾಕಾ ಅವರಿಗೆ ನೀವು ಹೇಳಬೇಕಾದದ್ದು ಇದು. ಕಸಿಯ ನಂತರ ಕ್ಯಾನ್ಸರ್ ಮರಳಿದರೆ ಅದು ಕೊಟ್ಟವರ ಲಿವರಿನಿಂದ ಹುಟ್ಟಿದ್ದಲ್ಲ. ಹೊಲ ಹಸನು ಮಾಡುವ ಮೊದಲೇ ಕಾಲುವೆಯ ನೀರಿನೊಡನೆ ಹರಿದುಹೋದ ಕಳೆಯ ಬೀಜದಂತೆ, ಹಳೆಯ ಲಿವರಿನಿಂದ ತಪ್ಪಿಸಿಕೊಂಡು ಎಲ್ಲೋ ಅಡಗಿದ್ದ ಕಣಗಳು ಮೊಳೆಯುವುದು ಅದು. ಅವರ ಲಿವರನ್ನು ಸಿಟಿ, ಎಂಆರ್‌ಐ, ರಕ್ತಪರೀಕ್ಷೆಗಳಲ್ಲಿ ಜರಡಿ ಹಿಡಿದ ಮೇಲೆಯೇ ತೆಗೆದುಕೊಂಡಿರುತ್ತಾರೆ. ಅವರು ಕೊಟ್ಟದ್ದು ಚೆನ್ನಾಗಿ ಕೆಲಸ ಮಾಡಿದ್ದರಿಂದಲೇ ನಿಮ್ಮ ತಂದೆ ಈ ವರ್ಷವೂ ಕಬ್ಬು ನಾಟಿಗೆ ನಿಂತಿದ್ದಾರೆ.

ಬೆಂಗಳೂರಿಗೆ ಹೋಗುವಾಗ ನೋಟ್‌ಬುಕ್, ಹಳೆಯ ಲಿವರಿನ ವರದಿ, ಹಿಂದಿನ ಸಿಟಿಯ ಸಿಡಿ, ಕಷಾಯಕ್ಕೆ ಬಳಸಿದ ಬಳ್ಳಿಯ ಒಂದು ತುಂಡು ಜೊತೆಗಿರಲಿ. ಬಳ್ಳಿಯೆಂದು ಬೇರೆ ಜಾತಿಯದನ್ನು ಕಿತ್ತು ತಂದಿರುವ ಸಾಧ್ಯತೆಯೂ ಇರುತ್ತದೆ. ಕಾಕಾ ಅವರನ್ನೂ ಕರೆದುಕೊಂಡು ಹೋಗಿ. ದಾನ ಮಾಡಿದ ಮೇಲೆ ಅವರು ಒಮ್ಮೆಯೂ ತಪಾಸಣೆಗೆ ಹೋಗಿಲ್ಲ ಎಂದು ಪತ್ರದ ಒಂದು ಮೂಲೆಯಲ್ಲಿ ಬರೆದಿದ್ದೀರಿ. ಅವರ ಅಲ್ಟ್ರಾಸೌಂಡ್ ಮತ್ತು ಲಿವರ್ ಪರೀಕ್ಷೆ ಅದೇ ದಿನ ಆಗಲಿ.